ಐದು ಬಂದಿದೆ

ಡಿಸೆಂಬರಿನಲ್ಲಿ ಅಕ್ಕ ತಮ್ತಾ ಯೇನಾದಿಂದ ಫೋನು ಮಾಡಿ
ಜಲವಿಜ್ಞಾನದಲ್ಲಿ ಐದು ಬಂದಿದೆ ಅಂದಾಗ
ಅಜ್ಜಿ ಲಾಮಾರಾ ಎದ್ದು ನಿಂತೇಬಿಟ್ಟಳು.
ಮೂವತ್ತೊಂಬತ್ತು ವರ್ಷ ಕುತೈಸಿಯ ಶಾಲೆಯಲ್ಲಿ
ಲೆಕ್ಕ ಕಲಿಸಿದವಳು,
ಐದರ ಮೇಲೆ ಅಂಕವೇ ಇರದ ಕಾಲದವಳು.
ಆ ಕೈ ಯಾರಿಗೂ ಸುಮ್ಮನೆ ಐದು ಕೊಟ್ಟದ್ದಲ್ಲ,
ನಮ್ಮಪ್ಪನಿಗೂ ಕೊಟ್ಟಿರಲಿಲ್ಲ.

ಹೂಜಿಯಲ್ಲಿ ವೈನು ಬಂತು, ಅಕ್ರೋಟು ಪೋಣಿಸಿದ ಮಾಲೆ ಬಂತು,
ಕೆಳಗಿನ ಮನೆಯ ಓತಾರಿ ತನ್ನ ಗ್ಲಾಸು ತಾನೇ ಹಿಡಿದು ಬಂದ.
‘ಜರ್ಮನ್ನರ ನಾಡಲ್ಲಿ, ಜರ್ಮನ್ನರ ಮಾತಲ್ಲಿ, ಐದು!’
ಫೋನಿನ ಆಚೆ ಅಕ್ಕನ ಉಸಿರೊಂದು ಕೇಳಿಸಿತು,
ಆಮೇಲೆ ಟ್ರಾಮಿನ ಗಂಟೆ.

ರಾತ್ರಿ ನನಗೊಬ್ಬನಿಗೇ ಬರೆದಳು:
ಇಲ್ಲಿ ಏಣಿ ತಲೆಕೆಳಗು, ದಾಚಿ.
ಒಂದು ಅಂದರೆ ತುದಿ. ಐದು ಅಂದರೆ ಫೇಲು.
ಹೇಳಬೇಡ.

ಹೇಳಲಿಲ್ಲ.
ಮೇಜಿನ ಮೇಲೆ ಚೆಲ್ಲಿದ್ದ ವೈನು ಒರೆಸಿದೆ.

ಹತ್ತಕ್ಕೆ ಪಾಠ ಅಂತ ಹತ್ತಕ್ಕೇ ಹೋಗಿ ಕೂತಿದ್ದಳಂತೆ
ಖಾಲಿ ಬೆಂಚುಗಳ ನಡುವೆ, ದೀಪವೂ ಇಲ್ಲ;
ಕೋಣೆ ತಪ್ಪಿತೇನೋ, ದಿನ ತಪ್ಪಿತೇನೋ,
ದೇಶವೇ ತಪ್ಪಿತೇನೋ.
ಹತ್ತೂಕಾಲಿಗೆ ಎಲ್ಲರೂ ಬಂದರು. ಒಬ್ಬರ ಮುಖದಲ್ಲೂ ತಡವಾದ ಸುಳಿವಿಲ್ಲ.
ಅಲ್ಲಿ ಹತ್ತು ಅಂದರೆ ಹತ್ತೂಕಾಲು,
ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಹೇಳುವುದಿಲ್ಲ.
ಪಾಠ ಮುಗಿದದ್ದೇ ಇನ್ನೂರು ಮುಷ್ಟಿ ಬೆಂಚು ಕುಟ್ಟಿದವು.
ಜಗಳ ಹತ್ತಿತೆಂದು ಚೀಲ ಎದೆಗವಚಿ
ಬಾಗಿಲು ಎಷ್ಟು ದೂರ ಅಂತ ನೋಡಿದಳು.
ಅದು ಚಪ್ಪಾಳೆ.

ಉತ್ತರಪತ್ರಿಕೆಯಲ್ಲಿ ತಪ್ಪೇನೂ ಇರಲಿಲ್ಲವಂತೆ.
ಪುಸ್ತಕದ ನೂರಾ ಹನ್ನೆರಡನೇ ಪುಟ, ಅಲ್ಪವಿರಾಮದ ಸಮೇತ,
ನಮ್ಮಲ್ಲಾದರೆ ತೊಂಬತ್ತಾರು.
ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಸಾಲು:
‘ಇದು ನನ್ನ ಪುಸ್ತಕ. ನೀವು ಆ ನದಿಯನ್ನು ನೋಡಿದ್ದೀರಾ?’

ಫೆಬ್ರವರಿಯಲ್ಲಿ ನೋಡಲು ಹೋದಳು.
ಎರವಲು ಬೂಟು, ಅಳೆಯಲು ಕೋಲು,
ಜೊತೆಗೆ ಅಂಕಾರಾದ ಮಾತು ಕಮ್ಮಿಯ ಹುಡುಗಿ.
ಸೇತುವೆಯ ಕೆಳಗೆ ಜಾಲೆ ನದಿ
ಸೂತ್ರ ಹೇಳಿದಷ್ಟು ಜೋರಾಗಿ ಓಡುತ್ತಿರಲಿಲ್ಲ.
ಯಾಕೆ ಅಂತ ಬರೆಯಲು ಆರು ವಾರ ಹಿಡಿಯಿತು,
ಕುಂಟುವ ಜರ್ಮನ್ನಿನಲ್ಲಿ, ಯಾವ ಪುಟವೂ ಅಲ್ಲದ್ದನ್ನು.

ಒಂದು ಪಾಯಿಂಟ್ ಏಳು.

ಅಜ್ಜಿ ಈ ಸಲ ಹೂಜಿ ಮುಟ್ಟಲಿಲ್ಲ.
‘ಊಟ ಸರಿಯಾಗಿ ಮಾಡ್ತಿದ್ದೀಯಾ ಮಗಳೇ?’
ಫೋನಿಟ್ಟು ನನ್ನ ಕಡೆ ತಿರುಗಿ,
‘ದಶಾಂಶದ ಏಳಾದರೂ ಕೊಟ್ಟರಲ್ಲ, ಒಳ್ಳೆಯ ಜನ.’

ಜುಲೈಯಲ್ಲಿ ಬಂದಳು.
ತಿಬಿಲಿಸಿಯ ಕಚೇರಿಯ ಹೆಂಗಸು ಕೋಷ್ಟಕದ ಮೇಲೆ ಬೆರಳು ಜಾರಿಸಿ
ಆ ಐದನ್ನೂ ಈ ಒಂದನ್ನೂ ಕೂಡಿಸಿ ಕಳೆದು
ಎಪ್ಪತ್ತೊಂದು ಅಂತ ಬರೆದು ಮುದ್ರೆ ಒತ್ತಿದಳು.
ಹೋಗುವಾಗ ತೊಂಬತ್ತನಾಲ್ಕಿತ್ತು.
ವಿದ್ಯಾರ್ಥಿವೇತನದ ಗೆರೆ ಎಂಬತ್ತು.
ಇದಕ್ಕೆ ನಷ್ಟ ಅನ್ನಬೇಕೋ ಏನೋ,
ನಾನು ಹತ್ತನೇ ತರಗತಿ, ನನಗೆ ತಿಳಿಯದು.
ಮರುದಿನ ಅವಳು ರಿಯೋನಿಯ ಬಿಳಿಗಲ್ಲುಗಳ ಮೇಲೆ ಇಳಿದು
ಕಿತ್ತಳೆ ಸಿಪ್ಪೆ ತೇಲಿಬಿಟ್ಟು ಸೆಕೆಂಡು ಎಣಿಸಿದಳು.
ಸೇತುವೆ ಮೇಲಿನ ಹುಡುಗರು ನಕ್ಕರು.
ನಾನು ಇನ್ನೊಂದು ಕಿತ್ತಳೆ ಸುಲಿದುಕೊಟ್ಟೆ.

ಸಂಜೆ ಊಟಕ್ಕೆ ಕೂತಾಗ ಅಜ್ಜಿ
ತಾನು ಹುಡುಗಿಯಾಗಿದ್ದಾಗ ಬಂದ ನೆರೆಯ ಎತ್ತರವನ್ನು
ನೆರಳು ಅಳೆದೇ ಕಂಡುಹಿಡಿದ ಕತೆ ಹೇಳಿದಳು,
ನಮಗೆ ಗೊತ್ತೇ ಇರದ ಕತೆ.
ಮುಗಿಸಿದಾಗ ಅಕ್ಕ ಮಾತಾಡಲಿಲ್ಲ,
ಮುಷ್ಟಿ ಮಡಿಸಿ ಮೇಜು ಕುಟ್ಟಿದಳು,
ಟಕ ಟಕ ಟಕ.

‘ದಾಚಿ, ಬಾಗಿಲಲ್ಲಿ ಯಾರೋ, ನೋಡು.’

ಹೋಗಿ ತೆರೆದರೆ, ನಿಜಕ್ಕೂ ಓತಾರಿ.
ಕೈಯಲ್ಲಿ ಗ್ಲಾಸು:
‘ಏನು, ಮತ್ತೆ ಐದು ಬಂತೇ?’